ಡೇಟಾಬೇಸ್ ಸಂಧಿದೋಷ ದರ್ಪಣ

ಪೀಠಿಕೆ

ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆಯುವಾಗ ಸಂಧಿಯನ್ನು ಮೊದಲಿಗೇ ತಂದ. ನಾಮ, ಸಮಾಸ, ಆಖ್ಯಾತಗಳೆಲ್ಲ ಆಮೇಲೆ. ಎರಡು ಪದ ಒಂದನ್ನೊಂದು ಕೂಡದೆ ಹೋದರೆ ಮುಂದಿನ ವ್ಯಾಕರಣಕ್ಕೆ ಕೆಲಸವಿಲ್ಲ ಎಂಬುದು ಅವನಿಗೆ ತಿಳಿದಿದ್ದಿರಬೇಕು. ಪೈಥಾನ್‌ನಲ್ಲಿ ವೆಬ್ ಅಪ್ಲಿಕೇಶನ್ ಬರೆಯುವವರು ಈ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ. ಲಾಗಿನ್ ಪುಟದ ಬಣ್ಣ ಸರಿಪಡಿಸುತ್ತಾರೆ, ವರದಿಗೊಂದು ಗ್ರಾಫ್ ಕೂರಿಸುತ್ತಾರೆ, ಮ್ಯಾನೇಜರಿಗೆ ಡೆಮೊ ತೋರಿಸಿ ಶಭಾಷ್ ಅನ್ನಿಸಿಕೊಳ್ಳುತ್ತಾರೆ. ಕಟ್ಟಕಡೆಗೆ, ಡಿಪ್ಲಾಯ್ ಮಾಡುವ ಸಂಜೆ, ಅಪ್ಲಿಕೇಶನ್ನಿಗೂ ಡೇಟಾಬೇಸಿಗೂ ಸಂಧಿಯಾಗುತ್ತದೋ ಇಲ್ಲವೋ ಎಂದು ನೋಡುತ್ತಾರೆ. ಆಗುವುದಿಲ್ಲ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಬೇಕು. ವಿಷಯ: ಕೂಡದ ಸಂಪರ್ಕಗಳು. ಪ್ರಯೋಜನ: ರಾತ್ರಿಯ ಊಟ ಬಿಸಿಯಿರುವಾಗಲೇ ಮನೆ ಸೇರುವುದು. ಸಂಬಂಧ: ಲಾಗ್ ಕಡತಕ್ಕೂ ಅದನ್ನು ಓದದವನಿಗೂ ಇರುವಂಥದ್ದು. ಅಧಿಕಾರಿ: ಪ್ರೊಡಕ್ಷನ್ ಪಾಸ್‌ವರ್ಡ್ ಯಾರ ಬಳಿ ಇದೆಯೋ ಅವನು. ಅವನು ಸಾಮಾನ್ಯವಾಗಿ ರಜೆಯಲ್ಲಿರುತ್ತಾನೆ.

ಇದಕ್ಕೆ ಹಿಂದೆ ಪ್ರಯತ್ನ ನಡೆದಿಲ್ಲವೆಂದಲ್ಲ. ಪೈಥಾನ್ ಮತ್ತು ಡೇಟಾಬೇಸುಗಳ ನಡುವಿನ ನಡಾವಳಿಯನ್ನು ಗೊತ್ತುಮಾಡಿದ ಪೆಪ್ 249 ಎಂಬ ದಾಖಲೆ ಮಾರ್ಕ್-ಆಂದ್ರೆ ಲೆಂಬರ್ಗ್ ಅವರ ಹೆಸರಿನಲ್ಲಿದೆ. ದೋಷಗಳಿಗೆ ಅದು ಒಂದು ವಂಶವೃಕ್ಷವನ್ನೇ ಬರೆದಿದೆ. ಡೇಟಾಬೇಸ್‌ಎರರ್ ಎಂಬ ತಾಯಿಗೆ ಆರು ಮಕ್ಕಳು: ಡೇಟಾ, ಆಪರೇಷನಲ್, ಇಂಟೆಗ್ರಿಟಿ, ಇಂಟರ್ನಲ್, ಪ್ರೋಗ್ರಾಮಿಂಗ್, ನಾಟ್‌ಸಪೋರ್ಟೆಡ್. ವಿಭಾಗ ಅಂದವಾಗಿಯೇ ಇದೆ. ಆದರೆ ಡಿಪ್ಲಾಯ್ ದಿನ ಬರುವ ಹತ್ತರಲ್ಲಿ ಒಂಬತ್ತು ಕಾಯಿಲೆ ಎರಡನೆಯ ಮಗನ ತಲೆಗೇ ಬಂದು ಬೀಳುತ್ತವೆ. ಹೋಸ್ಟ್ ಸಿಗಲಿಲ್ಲವೆ? ಆಪರೇಷನಲ್‌ಎರರ್. ಪಾಸ್‌ವರ್ಡ್ ತಪ್ಪೆ? ಅದೇ. ಫೈರ್‌ವಾಲ್ ತಡೆಯಿತೆ, ಸಂಪರ್ಕಗಳು ತುಂಬಿ ತುಳುಕಿದವೆ, ಸರ್ವರ್ ನಡುವೆ ಸತ್ತಿತೆ? ಎಲ್ಲವೂ ಅದೇ. ಈ ವರ್ಗದ ದೋಷಗಳು ಪ್ರೋಗ್ರಾಮರನ ಕೈಮೀರಿದವು ಇರಬಹುದು ಎಂದು ಆ ದಾಖಲೆಯೇ ಒಪ್ಪಿಕೊಂಡಿರುವುದರಿಂದ ಪ್ರೋಗ್ರಾಮರುಗಳಿಗೆ ಅದರ ಮೇಲೆ ವಿಶೇಷ ಪ್ರೀತಿ. ರೋಗಿಗಳೆಲ್ಲರ ಚೀಟಿಯಲ್ಲೂ ‘ಹುಷಾರಿಲ್ಲ’ ಎಂದು ಬರೆಯುವ ವೈದ್ಯನಿಂದ ಪ್ರಯೋಜನವೇನು? ಆದ್ದರಿಂದ ಹೊಸ ವರ್ಗೀಕರಣ ಬೇಕು. ಅದಕ್ಕಾಗಿ ದೂರ ಹೋಗಬೇಕಿಲ್ಲ. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಲೋಪ, ಆಗಮ, ಆದೇಶಗಳಿವೆ. ಸಂಧಿಯೇ ಆಗದೆ ಪದಗಳು ಇದ್ದಂತೆಯೇ ನಿಲ್ಲುವ ಪ್ರಕೃತಿಭಾವವೂ ಇದೆ. ಐದನೆಯದೊಂದನ್ನು ಅಲಂಕಾರಶಾಸ್ತ್ರದಿಂದ ಸಾಲ ತಂದರೆ ಪಟ್ಟಿ ಪೂರ್ತಿಯಾಗುತ್ತದೆ.

ಪೂರ್ವಪಕ್ಷ

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ‘ಗುರೂ, ನನ್ ಲ್ಯಾಪ್‌ಟಾಪಲ್ಲಿ ಓಡ್ತಾ ಇದೆ. ಕೋಡಲ್ಲಿ ಏನೂ ಇಲ್ಲ. ಸರ್ವರ್ ಟೀಮಿಗೆ ಹೇಳು.’

ಇದು ಪ್ರತ್ಯಕ್ಷ ಪ್ರಮಾಣವಾದ್ದರಿಂದ ತಳ್ಳಿಹಾಕುವುದು ಕಷ್ಟ. ಆದರೆ ಲ್ಯಾಪ್‌ಟಾಪಿನಲ್ಲಿ ಯಾಕೆ ಓಡುತ್ತಿದೆ ಎಂದು ಯಾರೂ ಕೇಳಿರುವುದಿಲ್ಲ. ಪೋಸ್ಟ್‌ಗ್ರೆಸ್‌ನ ಹೊಸ ದತ್ತಾಂಶ ಕೋಶವನ್ನು ಸೃಷ್ಟಿಸುವ ಇನಿಟ್‌ಡಿಬಿ ಎಂಬ ಸಾಧನ, ಬೇರೆ ಏನೂ ಹೇಳದಿದ್ದರೆ, ಸ್ಥಳೀಯ ಸಂಪರ್ಕಗಳಿಗೆ ‘ಟ್ರಸ್ಟ್’ ಎಂದು ಬರೆದಿಡುತ್ತದೆ. ಅಂದರೆ ಅದೇ ಯಂತ್ರದಿಂದ ಬಂದವರನ್ನು ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವುದು. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ ಹಾಕಿಕೊಂಡವರ ಸ್ಥಿತಿ ಇದೇ. ಸೆಟ್ಟಿಂಗ್ಸ್ ಕಡತದಲ್ಲಿ ಪಾಸ್‌ವರ್ಡ್ ಜಾಗದಲ್ಲಿ ಅಜ್ಜಿಯ ಹೆಸರು ಬರೆದಿದ್ದರೂ ಸಂಪರ್ಕ ಆಗುತ್ತದೆ. ಆರು ತಿಂಗಳ ಕಾಲ ಆ ಪಾಸ್‌ವರ್ಡನ್ನು ಯಾರೂ ಪರೀಕ್ಷಿಸಿಯೇ ಇರುವುದಿಲ್ಲ. ಇನ್ನೊಬ್ಬನ ಹೋಮ್ ಡೈರೆಕ್ಟರಿಯಲ್ಲಿ ಪಿಜಿಪಾಸ್ ಎಂಬ ಗುಪ್ತ ಕಡತವಿರುತ್ತದೆ. ಪಾಸ್‌ವರ್ಡ್ ಕೊಡದೇ ಇದ್ದಾಗ ಪೋಸ್ಟ್‌ಗ್ರೆಸ್‌ನ ಗ್ರಾಹಕ ಲೈಬ್ರರಿ ಸದ್ದಿಲ್ಲದೆ ಅದನ್ನು ಓದಿ ಕೆಲಸ ಮುಗಿಸುತ್ತದೆ. ಮೂರನೆಯವನು ಎಂದೋ ಟರ್ಮಿನಲ್‌ನಲ್ಲಿ ಒಂದು ಎನ್ವಿರಾನ್ಮೆಂಟ್ ವೇರಿಯೇಬಲ್ ಎಕ್ಸ್‌ಪೋರ್ಟ್ ಮಾಡಿ ಆ ಕಿಟಕಿಯನ್ನು ಮುಚ್ಚದೇ ಬಿಟ್ಟಿರುತ್ತಾನೆ. ಆದ್ದರಿಂದ ಸಿದ್ಧಾಂತವಿದು: ಲ್ಯಾಪ್‌ಟಾಪಿನಲ್ಲಿ ಓಡುವುದು ಲ್ಯಾಪ್‌ಟಾಪಿನ ಔದಾರ್ಯಕ್ಕೆ ಸಾಕ್ಷಿ, ಕೋಡಿಗಲ್ಲ. ಪೂರ್ವಪಕ್ಷಿ ಕೂರುತ್ತಾನೆ, ಆದರೆ ಒಪ್ಪಿರುವುದಿಲ್ಲ.

ಪ್ರಕೃತಿಭಾವ ಪ್ರಕರಣ

ಎರಡು ಪದ ಎದುರುಬದುರಾದರೂ ಕೂಡದೆ ಹಾಗೆಯೇ ನಿಂತರೆ ಪ್ರಕೃತಿಭಾವ. ಶಾಲಾ ಪುಸ್ತಕದ ಉದಾಹರಣೆ ‘ಅಯ್ಯೋ ಇದೇನು’. ಈ ಪ್ರಕರಣಕ್ಕೆ ಬೇರೆ ಉದಾಹರಣೆ ಹುಡುಕುವ ಅಗತ್ಯ ಗ್ರಂಥಕಾರನಿಗೆ ಕಾಣಲಿಲ್ಲ.

ಇದರ ಮೊದಲ ಉಪಜಾತಿ ಅನಾಮಕ. ಹೋಸ್ಟ್‌ನ ಹೆಸರನ್ನು ವಿಳಾಸಕ್ಕೆ ತಿರುಗಿಸಲಾಗಲಿಲ್ಲ ಎಂದು ಲಾಗ್ ಹೇಳುತ್ತದೆ. ಡಾಕರ್ ಕಂಪೋಸ್‌ನಲ್ಲಿ ‘ಡಿಬಿ’ ಎಂದು ಹೆಸರಿಟ್ಟ ಸರ್ವಿಸ್ ಆ ಜಾಲದ ಒಳಗಿರುವವರಿಗೆ ಮಾತ್ರ ಡಿಬಿ. ಹೊರಗೆ ನಿಂತು ಮೈಗ್ರೇಷನ್ ಓಡಿಸಲು ಹೊರಟವನಿಗೆ ಆ ಹೆಸರಿನವರು ಯಾರೂ ಇಲ್ಲ. ಇದು ಸಾಧುವಾದ ರೋಗ. ಬೇಗ ಬರುತ್ತದೆ, ಬೇಗ ಹೋಗುತ್ತದೆ.

ಮುಂದಿನ ಎರಡನ್ನು ಜನ ಒಂದೇ ಎಂದು ತಿಳಿದಿರುವುದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದು ನಿರಾಕರಣ, ಇನ್ನೊಂದು ಮೌನ. ಕನೆಕ್ಷನ್ ರೆಫ್ಯೂಸ್ಡ್ ಎಂಬುದು ನಿರಾಕರಣ. ನಮ್ಮ ಪ್ಯಾಕೆಟ್ ಆ ಯಂತ್ರದವರೆಗೂ ಹೋಗಿದೆ. ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವ ಪ್ರೋಗ್ರಾಂ ಯಾವುದೂ ಇಲ್ಲವಾದ್ದರಿಂದ ಅಲ್ಲಿನ ಕರ್ನೆಲ್ಲೇ ‘ಇಲ್ಲ’ ಎಂದು ಕೂಡಲೇ ಉತ್ತರಿಸಿದೆ. ಮಿಲಿಸೆಕೆಂಡುಗಳಲ್ಲಿ ತೀರ್ಪು. ಇಂಥ ಹೊತ್ತಿನಲ್ಲಿ ಪೋಸ್ಟ್‌ಗ್ರೆಸ್‌ನ ಗ್ರಾಹಕ ಲೈಬ್ರರಿ ತಪ್ಪನ್ನು ವರದಿ ಮಾಡಿ ಸುಮ್ಮನಾಗದೆ, ‘ಸರ್ವರ್ ಅಲ್ಲಿ ಓಡುತ್ತಿದೆಯೇ, ಟಿಸಿಪಿ ಸಂಪರ್ಕಗಳನ್ನು ಸ್ವೀಕರಿಸುತ್ತಿದೆಯೇ’ ಎಂದು ನಮ್ಮನ್ನೇ ಪ್ರಶ್ನಿಸುತ್ತದೆ. ದೋಷಸಂದೇಶವೊಂದು ಇಷ್ಟು ಒಳ್ಳೆಯ ಪ್ರಶ್ನೆ ಕೇಳುವುದು ಅಪರೂಪ, ಅದಕ್ಕೆ ಯಾರಾದರೂ ಉತ್ತರ ಕೊಡುವುದು ಇನ್ನೂ ಅಪರೂಪ. ಉತ್ತರಗಳು ಬಹಳವೇನಿಲ್ಲ. ಸರ್ವರ್ ಓಡುತ್ತಿಲ್ಲದೆ ಇರಬಹುದು. ಓಡುತ್ತಿದ್ದರೂ, ಪೋಸ್ಟ್‌ಗ್ರೆಸ್ ಹುಟ್ಟಾ ಲೋಕಲ್‌ಹೋಸ್ಟ್‌ಗೆ ಮಾತ್ರ ಕಿವಿಗೊಡುವುದರಿಂದ, ಬೇರೆ ಯಂತ್ರದಿಂದ ಬಂದವರ ಮಾತು ಅದಕ್ಕೆ ಕೇಳಿಸುತ್ತಿಲ್ಲದೆ ಇರಬಹುದು. ಅಥವಾ ಡೆಬಿಯನ್, ಉಬುಂಟುಗಳಲ್ಲಿ ಹೊಸ ಆವೃತ್ತಿಯನ್ನು ಹಳೆಯದರ ಪಕ್ಕದಲ್ಲೇ ಹಾಕಿದಾಗ 5432 ಹಳೆಯದರ ಕೈಯಲ್ಲೇ ಉಳಿದು ಹೊಸದು 5433ಕ್ಕೆ ಹೋಗಿ ಕೂತಿರಬಹುದು. ಹಳೆಯದನ್ನು ನಿಲ್ಲಿಸಿದ ದಿನ 5432ರಲ್ಲಿ ಯಾರೂ ಇರುವುದಿಲ್ಲ.

ಮೌನ ಹೀಗಲ್ಲ. ನಡುವೆ ಇರುವ ಫೈರ್‌ವಾಲ್ ಅಥವಾ ಕ್ಲೌಡಿನ ಸೆಕ್ಯುರಿಟಿ ಗ್ರೂಪ್ ಪ್ಯಾಕೆಟನ್ನು ನುಂಗಿ ಏನೂ ಹೇಳದೆ ಕೂರುತ್ತದೆ. ಲಿನಕ್ಸ್ ಬಿಡುವುದಿಲ್ಲ, 2023ಕ್ಕಿಂತ ಹಿಂದಿನ ಕರ್ನೆಲ್ಲಾದರೆ ಮೊದಲ ಸಲ ಕರೆದ ಮೇಲೆ ಇನ್ನೂ ಆರು ಸಲ ಕರೆಯುತ್ತದೆ, ಪ್ರತಿ ಸಲವೂ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡುತ್ತ. ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು, ಒಟ್ಟು 127 ಸೆಕೆಂಡ್. ಇಲ್ಲೊಂದು ಸ್ವಾರಸ್ಯವಿದೆ. ಪೋಸ್ಟ್‌ಗ್ರೆಸ್ ಗ್ರಾಹಕನಿಗೆ ತನ್ನದೇ ಆದ ಕಾಲಮಿತಿ ಹುಟ್ಟಾ ಇಲ್ಲ, ಆದರೆ ಪೈಥಾನ್ ಅಪ್ಲಿಕೇಶನ್ನನ್ನು ಸಾಕುವ ಗುನಿಕಾರ್ನ್‌ಗೆ ಇದೆ: ಮೂವತ್ತು ಸೆಕೆಂಡ್ ಉಸಿರಾಡದ ವರ್ಕರನ್ನು ಅದು ಕೊಂದುಹಾಕುತ್ತದೆ. ಹಾಗಾಗಿ 127ನೆಯ ಸೆಕೆಂಡಿಗೆ ಬರಬೇಕಾದ ಡೇಟಾಬೇಸ್ ದೋಷ ಬರುವುದೇ ಇಲ್ಲ. ಲಾಗಿನಲ್ಲಿ ಕಾಣುವುದು ‘ವರ್ಕರ್ ಟೈಮ್‌ಔಟ್’ ಮಾತ್ರ. ಅದನ್ನು ನೋಡಿದವನು ಗುನಿಕಾರ್ನಿನ ಕಾಲಮಿತಿಯನ್ನು ಅರವತ್ತಕ್ಕೆ ಏರಿಸುತ್ತಾನೆ, ಆಮೇಲೆ ನೂರಿಪ್ಪತ್ತಕ್ಕೆ. ಅಲ್ಲಿಗೂ ಏಳು ಸೆಕೆಂಡ್ ಕಮ್ಮಿ. ಸಂಪರ್ಕದ ಆಯ್ಕೆಗಳಲ್ಲಿ ಕನೆಕ್ಟ್‌ಟೈಮ್‌ಔಟ್ ಐದು ಸೆಕೆಂಡ್ ಎಂದು ಬರೆದಿದ್ದರೆ ಮೌನವೂ ಮಾತಾಡುತ್ತಿತ್ತು.

ಆದ್ದರಿಂದ ಲಕ್ಷಣ ನೋಡುವಾಗ ಸಂದೇಶಕ್ಕಿಂತ ಮೊದಲು ಗಡಿಯಾರ ನೋಡಬೇಕು. ತಕ್ಷಣ ಬಂದದ್ದು ನಿರಾಕರಣ, ತಡವಾಗಿ ಬಂದದ್ದು ಮೌನ. ಮೊದಲನೆಯದಕ್ಕೆ ಡೇಟಾಬೇಸ್ ಯಂತ್ರಕ್ಕೆ ಹೋಗಿ ನೋಡಬೇಕು, ಎರಡನೆಯದಕ್ಕೆ ನಡುದಾರಿಯನ್ನು. ಬೆಂಗಳೂರಿನ ಕಚೇರಿಗಳಲ್ಲಿ ಈ ಎರಡು ಜಾಗಗಳು ಎರಡು ಬೇರೆ ತಂಡಗಳ ಕೈಯಲ್ಲಿರುತ್ತವೆ. ಎರಡೂ ತಂಡದವರು ‘ನಮ್ ಸೈಡ್ ಎಲ್ಲಾ ಸರಿ ಇದೆ’ ಎಂದು ಬರೆದು ಟಿಕೆಟ್ ಮುಚ್ಚಿರುತ್ತಾರೆ.

ಇನ್ನೊಂದು ಕಿರಿಯ ಉಪಜಾತಿ ನಿದ್ರಾವಸ್ಥೆ. ಡೇಟಾಬೇಸ್ ಎದ್ದಿದೆ, ಕಣ್ಣು ಬಿಟ್ಟಿಲ್ಲ. ಕಂಪೋಸ್ ಕಡತದಲ್ಲಿ ‘ಡಿಪೆಂಡ್ಸ್ ಆನ್’ ಎಂದಷ್ಟೇ ಬರೆದರೆ ಅದು ಕಂಟೇನರ್ ಶುರುವಾಗುವುದನ್ನು ಕಾಯುತ್ತದೆಯೇ ಹೊರತು ಒಳಗಿನ ಡೇಟಾಬೇಸ್ ತಯಾರಾಗುವುದನ್ನಲ್ಲ. ಹೆಲ್ತ್‌ಚೆಕ್ ಸೇರಿಸಿ, ಸರ್ವಿಸ್ ಆರೋಗ್ಯವಾಗಿದ್ದರೆ ಮಾತ್ರ ಮುಂದೆ ಹೋಗು ಎಂಬ ಷರತ್ತು ಹಾಕಬೇಕು. ಈ ಪರೀಕ್ಷೆಗಾಗಿ ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ-ಈಸ್‌ರೆಡಿ ಎಂಬ ಪುಟ್ಟ ಸಾಧನ ನಾಲ್ಕು ಸಂಖ್ಯೆಗಳಲ್ಲಿ ಉತ್ತರ ಕೊಡುತ್ತದೆ: ಸ್ವೀಕರಿಸುತ್ತಿದ್ದರೆ ಸೊನ್ನೆ, ಎಚ್ಚರವಿದ್ದೂ ತಿರಸ್ಕರಿಸುತ್ತಿದ್ದರೆ ಒಂದು, ಉತ್ತರವೇ ಬರದಿದ್ದರೆ ಎರಡು, ನೀವು ಕೊಟ್ಟ ವಿವರ ನೋಡಿ ಪ್ರಯತ್ನವನ್ನೇ ಮಾಡದಿದ್ದರೆ ಮೂರು. ಇಷ್ಟು ಮಿತವಾಗಿ ಇಷ್ಟು ಸತ್ಯ ಹೇಳುವ ಶಾಸ್ತ್ರಕಾರರು ಮನುಷ್ಯರಲ್ಲಿ ಕಡಿಮೆ.

ಬೈಗುಳ ನ್ಯಾಯ

ಉಳಿದ ಪ್ರಕರಣಗಳಿಗೆ ಹೋಗುವ ಮುಂಚೆ ಈ ಗ್ರಂಥದ ಮುಖ್ಯ ಸೂತ್ರವನ್ನು ಹೇಳಿಬಿಡುತ್ತೇನೆ: ಸರ್ವರ್ ಬೈದರೆ ಸಂತೋಷಪಡಬೇಕು.

ಭಾಷ್ಯ: ಪೋಸ್ಟ್‌ಗ್ರೆಸ್‌ನಿಂದ ‘ಫೇಟಲ್’ ಎಂದು ಆರಂಭವಾಗುವ ಸಾಲು ಬಂದರೆ ಹೊಸಬರು ಬೆವರುತ್ತಾರೆ. ಆದರೆ ಆ ಸಾಲನ್ನು ಬರೆದದ್ದು ಡೇಟಾಬೇಸೇ. ಅಂದರೆ ಹೆಸರು ಸಿಕ್ಕಿದೆ, ದಾರಿ ತೆರೆದಿದೆ, ಪೋರ್ಟ್ ಸರಿಯಿದೆ, ನಿದ್ರಾವಸ್ಥೆಯೊಂದನ್ನು ಬಿಟ್ಟು ಪ್ರಕೃತಿಭಾವ ಪ್ರಕರಣವನ್ನು ಮುಚ್ಚಿಡಬಹುದು. ಬೈಗುಳದಲ್ಲೂ ತಾರತಮ್ಯವಿದೆ. ಯಾರನ್ನು ಹೇಗೆ ಒಳಗೆ ಬಿಡಬೇಕೆಂದು ಬರೆದಿಡುವ ಪಿಜಿ-ಎಚ್‌ಬಿಎ ಕಡತದಲ್ಲಿ ನಿಮಗೆ ಸಾಲಿಲ್ಲ ಎಂದರೆ ಪಾಸ್‌ವರ್ಡನ್ನು ಇನ್ನೂ ಕೇಳಿಯೇ ಇಲ್ಲ. ಆಗ ಪಾಸ್‌ವರ್ಡ್ ಬದಲಿಸುತ್ತ ಕೂರುವುದು ವ್ಯರ್ಥ ಶ್ರಮ. ಆ ಕಡತವನ್ನು ಪೋಸ್ಟ್‌ಗ್ರೆಸ್ ಮೇಲಿನಿಂದ ಕೆಳಗೆ ಓದಿ ಮೊದಲು ಹೊಂದಿದ ಸಾಲಿನಲ್ಲೇ ನಿಂತುಬಿಡುತ್ತದೆ. ಅಲ್ಲಿ ಸೋತರೆ ಮುಂದಿನ ಸಾಲಿನಲ್ಲಿ ಗೆಲ್ಲುವ ಅವಕಾಶವಿಲ್ಲ. ಕೆಳಗೆ ಹೊಸ ಸಾಲು ಸೇರಿಸಿ ಏನೂ ಬದಲಾಗಲಿಲ್ಲವೆಂದು ಕೊರಗುವವರು ಮೇಲಿನ ಸಾಲುಗಳನ್ನು ಓದಿರುವುದಿಲ್ಲ. ಬೈಗುಳದ ಬಾಲದಲ್ಲಿ ‘ನೋ ಎನ್‌ಕ್ರಿಪ್ಷನ್’ ಎಂದಿದ್ದರೆ ಮದ್ದು ಇರುವುದು ಬಾಲದಲ್ಲೇ: ಎಸ್‌ಎಸ್‌ಎಲ್ ಹಾಕಿ ಮತ್ತೆ ಬಾ ಎನ್ನುತ್ತಿದೆ.

ಪಾಸ್‌ವರ್ಡ್ ಪರೀಕ್ಷೆಯಲ್ಲಿ ಸೋತೆ ಎಂಬ ಬೈಗುಳ ಇನ್ನೊಂದು ಮೆಟ್ಟಿಲು ಮೇಲೆ. ಇದರಲ್ಲಿ ಒಂದು ರಾಜತಂತ್ರವಿದೆ. ಆ ಹೆಸರಿನ ಬಳಕೆದಾರನೇ ಇಲ್ಲದಿದ್ದರೂ ಪೋಸ್ಟ್‌ಗ್ರೆಸ್ ಹೊರಗಿನವರಿಗೆ ‘ಪಾಸ್‌ವರ್ಡ್ ಸರಿಯಿಲ್ಲ’ ಎಂದೇ ಹೇಳುತ್ತದೆ, ಯಾರಿದ್ದಾರೆ ಯಾರಿಲ್ಲ ಎಂಬ ಗುಟ್ಟು ಕಳ್ಳನಿಗೆ ತಿಳಿಯದಿರಲೆಂದು. ನಿಜವಾದ ಕಾರಣವನ್ನು ತನ್ನ ಸ್ವಂತ ಲಾಗಿನಲ್ಲಿ ಮಾತ್ರ ಬರೆದುಕೊಳ್ಳುತ್ತದೆ. ಅಪ್ಲಿಕೇಶನ್ನಿನ ಲಾಗನ್ನಷ್ಟೇ ಓದುವವರಿಗೆ ಅರ್ಧ ಕಥೆ ಮಾತ್ರ ಸಿಗುವುದು ಹೀಗೆ. ‘ಈ ಹೆಸರಿನ ಡೇಟಾಬೇಸ್ ಇಲ್ಲ’ ಎಂದು ಬೈದರೋ, ಹಬ್ಬ ಮಾಡಬಹುದು. ಗುರುತಿನ ಪರೀಕ್ಷೆ ಆಗಲೇ ಮುಗಿದಿದೆ. ಒಂದು ಆಜ್ಞೆ ಕೊಟ್ಟು ಡೇಟಾಬೇಸ್ ಸೃಷ್ಟಿಸಿದರೆ ಆಯಿತು.

ಲೋಪ ಪ್ರಕರಣ

ಇರಬೇಕಾದದ್ದು ಇಲ್ಲದಿದ್ದರೆ ಲೋಪ. ಸಿಸ್ಟಂಡಿ ಮೂಲಕ ಓಡುವ ಸರ್ವಿಸ್ ನಿಮ್ಮ ಬ್ಯಾಶ್‌ಆರ್‌ಸಿ ಕಡತವನ್ನು ಓದುವುದಿಲ್ಲ, ಆದ್ದರಿಂದ ಅಲ್ಲಿ ಬರೆದ ವೇರಿಯೇಬಲ್ ಲೋಪ. ಸೈಕೋಪಿಜಿ2 ಹಾಕುವಾಗ ಪಿಜಿ-ಕಾನ್ಫಿಗ್ ಸಿಗಲಿಲ್ಲವೆಂದು ಪಿಪ್ ನಿಂತರೆ ಹೆಡರ್ ಕಡತಗಳು ಲೋಪ. ಲಿಬ್‌ಪಿಕ್ಯೂ-ಡೆವ್ ಹಾಕಬೇಕು, ಇಲ್ಲವೇ ಬೈನರಿ ಪೊಟ್ಟಣ ತರಬೇಕು. ಮೈಎಸ್‌ಕ್ಯೂಎಲ್ 8 ಬಂದ ಮೇಲೆ ಪಾಸ್‌ವರ್ಡ್ ಪರೀಕ್ಷೆಯ ಹುಟ್ಟಾ ವಿಧಾನ ಬದಲಾಯಿತು. ಪೈಮೈಎಸ್‌ಕ್ಯೂಎಲ್ ಬಳಸುವವರಿಗೆ ‘ಕ್ರಿಪ್ಟೋಗ್ರಫಿ’ ಎಂಬ ಇನ್ನೊಂದು ಪೊಟ್ಟಣ ಬೇಕು ಎಂದು ಅದೇ ಬಾಯಿಬಿಟ್ಟು ಹೇಳುತ್ತದೆ. ಸಂಪರ್ಕವೆಲ್ಲ ಆಗಿ ‘ಈ ಹೆಸರಿನ ಟೇಬಲ್ ಇಲ್ಲ’ ಎಂದು ಬಂದರೆ ಮೈಗ್ರೇಷನ್ ಲೋಪ. ಈ ಜಾತಿಯ ರೋಗಗಳು ಮುಚ್ಚುಮರೆ ಮಾಡುವುದಿಲ್ಲವಾದ್ದರಿಂದ ವಿಸ್ತರಿಸುವುದಿಲ್ಲ. ಒಂದು ಲೋಪ ಮಾತ್ರ ವೇಷ ಹಾಕಿಕೊಂಡು ಬರುತ್ತದೆ. ಅದನ್ನು ಆದೇಶ ಪ್ರಕರಣದಲ್ಲಿ ಹಿಡಿಯೋಣ.

ಆಗಮ ಪ್ರಕರಣ

‘ಮನೆ’ಗೆ ‘ಅನ್ನು’ ಸೇರಿದಾಗ ನಡುವೆ ಯಾರೂ ಕರೆಯದ ಯಕಾರ ಬಂದು ಕೂರುತ್ತದೆ. ವ್ಯಾಕರಣದಲ್ಲಿ ಅದು ಅಂದ. ಪಾಸ್‌ವರ್ಡ್ ಕೊನೆಯಲ್ಲಿ ಬಂದು ಕೂತ ಖಾಲಿ ಜಾಗ ಅಂದವಲ್ಲ, ಏಕೆಂದರೆ ಕಣ್ಣಿಗೇ ಕಾಣುವುದಿಲ್ಲ. ಚಾಟ್‌ನಲ್ಲಿ ಕಳಿಸಿದ ಪಾಸ್‌ವರ್ಡನ್ನು ಕಾಪಿ ಮಾಡುವಾಗ ಅದು ಬರುತ್ತದೆ. ಕಡತದಿಂದ ಓದಿದ ರಹಸ್ಯದ ತುದಿಗೆ ಹೊಸ ಸಾಲಿನ ಗುರುತು ಅಂಟಿಕೊಂಡು ಬರುತ್ತದೆ. ವಿಂಡೋಸ್‌ನಲ್ಲಿ ಉಳಿಸಿದ ಡಾಟ್-ಎನ್ವ್ ಕಡತ ಲಿನಕ್ಸ್‌ಗೆ ಹೋದಾಗ ಪ್ರತಿ ಸಾಲಿನ ಬಾಲಕ್ಕೂ ಒಂದು ಕ್ಯಾರೇಜ್ ರಿಟರ್ನ್ ಇರುತ್ತದೆ. ಟೈಪ್‌ರೈಟರ್ ಕಾಲದ ಈ ಸಂಜ್ಞೆ ಡೇಟಾಬೇಸಿನ ಹೆಸರಿಗೆ ಅಂಟಿಕೊಂಡು ‘ಅಂಥ ಡೇಟಾಬೇಸ್ ಇಲ್ಲ’ ಎನ್ನಿಸುತ್ತದೆ. ಪರದೆಯ ಮೇಲೆ ಎರಡೂ ಹೆಸರು ಒಂದೇ. ಪೈಥಾನ್‌ನ ರೆಪ್ರ್ ಎಂಬ ಫಂಕ್ಷನ್ನಿಗೆ ಕೊಟ್ಟು ಅಚ್ಚುಹಾಕಿಸಿದರೆ ಇಂಥ ಅದೃಶ್ಯಗಳೆಲ್ಲ ಬಯಲಾಗುತ್ತವೆ. ಆಮೇಲೆ ಆ ಸಾಲನ್ನು ಲಾಗಿನಿಂದ ಅಳಿಸಬೇಕು. ಅಳಿಸುವವರು ಕಡಿಮೆ.

ಆಗಮದಲ್ಲಿ ರಾಜ @ ಗುರುತು. ‘ಪಾಸ್‌ವರ್ಡ್ ಬಲವಾಗಿರಲಿ, ವಿಶೇಷ ಚಿಹ್ನೆ ಇರಲಿ’ ಎಂದು ಭದ್ರತಾ ವಿಭಾಗ ಸುತ್ತೋಲೆ ಹೊರಡಿಸುತ್ತದೆ. ವಿಧೇಯ ಉದ್ಯೋಗಿ ನಡುವೆ @ ಹಾಕುತ್ತಾನೆ. ಡೇಟಾಬೇಸ್ ಯುಆರ್‌ಎಲ್‌ನಲ್ಲಿ @ ಎಂದರೆ ‘ಗುರುತು ಮುಗಿಯಿತು, ಇನ್ನು ಹೋಸ್ಟ್’ ಎಂದರ್ಥ. ಅದೃಷ್ಟ ಕೆಟ್ಟರೆ ಪಾಸ್‌ವರ್ಡ್‌ನ ಉತ್ತರಾರ್ಧ ಹೋಸ್ಟ್ ಹೆಸರಾಗಿ, ಲಾಗ್‌ನಲ್ಲಿ ಎಲ್ಲರಿಗೂ ಕಾಣುವಂತೆ, ‘ಈ ಹೋಸ್ಟ್ ಸಿಗಲಿಲ್ಲ’ ಎಂದು ಅಚ್ಚಾಗುತ್ತದೆ. ಬಲವಾದ ಪಾಸ್‌ವರ್ಡ್ ಬಯಲಾಗುವುದು ಹೀಗೆ. # ಇದ್ದರೆ ಅಲ್ಲಿಂದಾಚೆಗಿನದು ತುಣುಕೆಂದು ಕಿತ್ತುಹೋಗಬಹುದು. @ ಅನ್ನು %40 ಎಂದೂ # ಅನ್ನು %23 ಎಂದೂ ಬರೆಯಬೇಕು. ಗಮನಿಸಿ: ಹೆಸರು ಸಿಗದ ಈ ಲಕ್ಷಣ ಹೊರನೋಟಕ್ಕೆ ಪ್ರಕೃತಿಭಾವದ ಅನಾಮಕವೇ. ರೂಪ ನೋಡಿ ಜಾತಿ ಹೇಳುವವರು ಇಲ್ಲೇ ಎಡವುವುದು.

ಆದೇಶ ಪ್ರಕರಣ

ಒಂದರ ಜಾಗದಲ್ಲಿ ಇನ್ನೊಂದು ಬಂದು ನಿಲ್ಲುವುದು ಆದೇಶ. ಮಳೆಕಾಲದ ಕಕಾರ ಹೋಗಿ ಗಕಾರ ಬಂದು ಮಳೆಗಾಲವಾದಂತೆ. ಈ ಪ್ರಕರಣದ ಸಾರ್ವಭೌಮ ಪದ ಲೋಕಲ್‌ಹೋಸ್ಟ್. ‘ನಾನು ನಿಂತಿರುವ ಯಂತ್ರ’ ಎಂದು ಅದರ ಅರ್ಥ. ನಿಂತವರು ಬದಲಾದ ಕೂಡಲೇ ಅರ್ಥ ಬದಲಾಗುತ್ತದೆ. ಕಂಟೇನರಿನೊಳಗೆ ಕೂತ ಜ್ಯಾಂಗೊಗೆ ಲೋಕಲ್‌ಹೋಸ್ಟ್ ಎಂದರೆ ತನ್ನದೇ ಕಂಟೇನರ್. ಪಕ್ಕದ ಕಂಟೇನರಿನಲ್ಲಿ ಪೋಸ್ಟ್‌ಗ್ರೆಸ್ ಆರಾಮಾಗಿ ಓಡುತ್ತಿದ್ದರೂ ಇಲ್ಲಿ ನಿರಾಕರಣ ಬರುತ್ತದೆ.

ಕಂಟೇನರ್ ಇಲ್ಲದವರಿಗೂ ಲೋಕಲ್‌ಹೋಸ್ಟ್ ಸುಮ್ಮನೆ ಬಿಡುವುದಿಲ್ಲ. ಮೈಎಸ್‌ಕ್ಯೂಎಲ್‌ನ ಸಿ ಲೈಬ್ರರಿಗೆ ಲೋಕಲ್‌ಹೋಸ್ಟ್ ಎಂದು ಕೊಟ್ಟರೆ ಅದು ಜಾಲದ ಕಡೆ ನೋಡದೆ ಯೂನಿಕ್ಸ್ ಸಾಕೆಟ್ ಕಡತವನ್ನು ಹುಡುಕುತ್ತದೆ; 127.0.0.1 ಎಂದು ಕೊಟ್ಟರೆ ಟಿಸಿಪಿ. ಆ ಲೈಬ್ರರಿಯ ಮೇಲೆ ಕಟ್ಟಿದ ಮೈಎಸ್‌ಕ್ಯೂಎಲ್‌ಕ್ಲೈಂಟ್ ಇದೇ ಚಾಳಿಯನ್ನು ಪಡೆದಿದೆ. ಅಪ್ಪಟ ಪೈಥಾನ್‌ನಲ್ಲಿ ಬರೆದ ಪೈಮೈಎಸ್‌ಕ್ಯೂಎಲ್‌ಗೆ ಆ ಚಾಳಿಯಿಲ್ಲ, ಅದು ಲೋಕಲ್‌ಹೋಸ್ಟ್ ಎಂದರೂ ಟಿಸಿಪಿಗೇ ಹೋಗುತ್ತದೆ. ಒಂದೇ ಸೆಟ್ಟಿಂಗ್ಸ್, ಎರಡು ಲೈಬ್ರರಿ, ಎರಡು ದಾರಿ. ಪೋಸ್ಟ್‌ಗ್ರೆಸ್ ಪಾಳೆಯದಲ್ಲಿ ಇದರ ಕನ್ನಡಿ ಬಿಂಬ ಇದೆ. ಜ್ಯಾಂಗೊದಲ್ಲಿ ಹೋಸ್ಟ್ ಖಾಲಿ ಬಿಟ್ಟರೆ ಸಾಕೆಟ್ ದಾರಿ. ಉಬುಂಟುವಿನಲ್ಲಿ ಆ ದಾರಿಯ ಕಾವಲುಗಾರನ ಹೆಸರು ಪೀರ್. ಅವನು ಪಾಸ್‌ವರ್ಡ್ ಕೇಳುವುದಿಲ್ಲ; ‘ನಿನ್ನ ಲಿನಕ್ಸ್ ಹೆಸರೂ ಡೇಟಾಬೇಸ್ ಬಳಕೆದಾರನ ಹೆಸರೂ ಒಂದೇನಾ?’ ಎಂದು ಮಾತ್ರ ಕೇಳುತ್ತಾನೆ. ಪರೀಕ್ಷೆ ಮಾಡುವಾಗ ನೀವು ಸ್ವಂತ ಹೆಸರಿನಲ್ಲಿ ಹೋದಿರಿ, ಬಿಟ್ಟ. ಸರ್ವಿಸ್ ಹೋದದ್ದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಹೆಸರಿನಲ್ಲಿ, ತಡೆದ. ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ತಡೆಯುತ್ತಾನೆ, ಏಕೆಂದರೆ ಅದನ್ನು ಅವನು ಓದುತ್ತಲೇ ಇಲ್ಲ.

ಒಂದೇ ಅಕ್ಷರಗುಚ್ಛದಿಂದಾದ ಆದೇಶಕ್ಕೆ ಚರಿತ್ರೆಯಲ್ಲಿ ಒಳ್ಳೆಯ ಉದಾಹರಣೆ ಇದೆ. ಅಪ್ಲಿಕೇಶನ್ನುಗಳನ್ನು ಓಡಿಸಿಕೊಡುವ ಹೆರೋಕು ಎಂಬ ಸೇವೆ ಕೊಡುತ್ತಿದ್ದ ಡೇಟಾಬೇಸ್ ಯುಆರ್‌ಎಲ್ ‘ಪೋಸ್ಟ್‌ಗ್ರೆಸ್’ ಎಂದು ಆರಂಭವಾಗುತ್ತಿತ್ತು. 2021ರಲ್ಲಿ ಬಂದ ಎಸ್‌ಕ್ಯೂಎಲ್‌ಆಲ್ಕೆಮಿ 1.4 ಆ ಹ್ರಸ್ವರೂಪವನ್ನು ತೆಗೆದುಹಾಕಿ, ಪೂರ್ಣವಾಗಿ ‘ಪೋಸ್ಟ್‌ಗ್ರೆಎಸ್‌ಕ್ಯೂಎಲ್’ ಎಂದೇ ಇರಬೇಕೆಂದಿತು. ಲೈಬ್ರರಿಯ ಆವೃತ್ತಿ ಬಿಗಿಮಾಡಿರದ ಫ್ಲಾಸ್ಕ್ ಅಪ್ಲಿಕೇಶನ್ನುಗಳು, ಕೋಡಿನ ಒಂದು ಸಾಲೂ ಬದಲಾಗದೆ, ಮುಂದಿನ ಡಿಪ್ಲಾಯ್‌ನಲ್ಲಿ ಮಗುಚಿದವು. ಯುಆರ್‌ಎಲ್ ಓದಿದ ಮೇಲೆ ಹ್ರಸ್ವವನ್ನು ದೀರ್ಘ ಮಾಡುವ ಒಂದು ರಿಪ್ಲೇಸ್ ಸಾಲನ್ನು ಜನ ಸೇರಿಸಿಕೊಂಡರು. ಇಂದಿಗೂ ಎಷ್ಟೋ ಕೋಡ್‌ನಲ್ಲಿ ಆ ಸಾಲು ಇದೆ, ಯಾಕಿದೆ ಎಂದು ಕೇಳಿದರೆ ಹಿರಿಯರು ಇಟ್ಟದ್ದು, ಮುಟ್ಟಬೇಡಿ ಎನ್ನುತ್ತಾರೆ.

ಹಳೆಯ ಪಾಸ್‌ವರ್ಡಿನ ಪ್ರೇತವನ್ನೂ ಇಲ್ಲೇ ಹೇಳಬೇಕು. ಪೋಸ್ಟ್‌ಗ್ರೆಸ್‌ನ ಡಾಕರ್ ಇಮೇಜ್‌ಗೆ ಕೊಡುವ ಪಾಸ್‌ವರ್ಡ್ ವೇರಿಯೇಬಲ್ ಕೆಲಸ ಮಾಡುವುದು ದತ್ತಾಂಶ ಡೈರೆಕ್ಟರಿ ಖಾಲಿಯಿದ್ದಾಗ, ಮೊದಲ ಸಲ ಮಾತ್ರ. ಆಮೇಲೆ ಕಂಪೋಸ್ ಕಡತದಲ್ಲಿ ಅದನ್ನು ಬದಲಿಸಿ, ಕಂಟೇನರ್ ಅಳಿಸಿ, ಮತ್ತೆ ಕಟ್ಟಿದರೂ ವಾಲ್ಯೂಮಿನಲ್ಲಿ ಹಳೆಯ ಪಾಸ್‌ವರ್ಡೇ ಆಳುತ್ತಿರುತ್ತದೆ. ‘ಡೌನ್’ ಆಜ್ಞೆಯ ಜೊತೆ ವಾಲ್ಯೂಮ್ ಅಳಿಸುವ ಸಂಜ್ಞೆ ಸೇರಿಸು ಎಂದು ಯಾರಾದರೂ ಸಲಹೆ ಕೊಡುತ್ತಾರೆ. ರೋಗ ವಾಸಿಯಾಗುತ್ತದೆ, ದತ್ತಾಂಶ ಉಳಿಯುವುದಿಲ್ಲ. ಒಳಗೆ ಹೋಗಿ ‘ಆಲ್ಟರ್ ರೋಲ್’ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಇನ್ನು ವೇಷಧಾರಿ. ‘ಡೇಟಾಬೇಸ್ ಯುಆರ್‌ಎಲ್ ಇದ್ದರೆ ಅದು, ಇಲ್ಲದಿದ್ದರೆ ಎಸ್‌ಕ್ಯೂಎಲೈಟ್’ ಎಂದು ಸೆಟ್ಟಿಂಗ್ಸ್‌ನಲ್ಲಿ ಬರೆಯುವುದು ಸಜ್ಜನರ ರೂಢಿ. ಸರ್ವರಿನಲ್ಲಿ ಆ ವೇರಿಯೇಬಲ್ ಲೋಪವಾದರೆ ಯಾವ ದೋಷವೂ ಬರುವುದಿಲ್ಲ. ಕಂಟೇನರಿನೊಳಗೆ ಒಂದು ಎಸ್‌ಕ್ಯೂಎಲೈಟ್ ಕಡತ ತಾನಾಗಿ ಹುಟ್ಟುತ್ತದೆ. ಶುರುವಾಗುವಾಗಲೇ ಮೈಗ್ರೇಷನ್ ಓಡಿಸುವ ವ್ಯವಸ್ಥೆಯಿದ್ದರೆ ಟೇಬಲ್‌ಗಳೂ ಆಗುತ್ತವೆ. ಗ್ರಾಹಕರು ನೋಂದಾಯಿಸಿಕೊಳ್ಳುತ್ತಾರೆ, ಆರ್ಡರ್ ಹಾಕುತ್ತಾರೆ. ಎಲ್ಲವೂ ಹಸಿರು. ಮುಂದಿನ ಡಿಪ್ಲಾಯ್‌ನಲ್ಲಿ ಹಳೆಯ ಕಂಟೇನರ್ ಹೋಗುತ್ತದೆ, ಅದರೊಂದಿಗೆ ಆ ಕಡತವೂ. ಇದೇ ಕುಲದ ಇನ್ನೊಂದು, ಸ್ಟೇಜಿಂಗ್ ಅಪ್ಲಿಕೇಶನ್ನಿಗೆ ಪ್ರೊಡಕ್ಷನ್ ಡೇಟಾಬೇಸಿನ ವಿಳಾಸ ಬಂದು ಕೂರುವುದು. ಅಲ್ಲಿಯೂ ಸಂಪರ್ಕ ನಿರಾತಂಕ. ಪ್ರಸ್ತುತ ಗ್ರಂಥಕಾರನ ಮತದಲ್ಲಿ ಇಡೀ ದರ್ಪಣದಲ್ಲಿ ಭಯಪಡಬೇಕಾದ ಜಾತಿ ಇದೊಂದೇ, ಏಕೆಂದರೆ ಇದರಲ್ಲಿ ಸಂಧಿ ಆಗಿದೆ. ಪ್ರೊಡಕ್ಷನ್ ಸೆಟ್ಟಿಂಗ್ಸ್‌ನಲ್ಲಿ ಪರ್ಯಾಯವನ್ನೇ ಇಡಬಾರದು. ವೇರಿಯೇಬಲ್ ಇಲ್ಲದಿದ್ದರೆ ಅಪ್ಲಿಕೇಶನ್ ಏಳದೆ ಬೀಳಲಿ. ಮ್ಯಾನೇಜರಿಗೆ ಇದು ರುಚಿಸುವುದಿಲ್ಲ.

ವಿಸಂಧಿ ಪ್ರಕರಣ

ದಂಡಿ ಕಾವ್ಯದ ಹತ್ತು ದೋಷಗಳಲ್ಲಿ ವಿಸಂಧಿಯನ್ನು ಎಣಿಸಿದ್ದಾನೆ. ಅದನ್ನು ಇಲ್ಲಿ ಸ್ವಲ್ಪ ಹಿಗ್ಗಿಸಿ, ಕೂಡಿದ್ದು ಆಮೇಲೆ ಬಿಟ್ಟುಹೋಗುವುದಕ್ಕೆ ಬಳಸುತ್ತೇನೆ. ದಂಡಿ ಆಕ್ಷೇಪಿಸಲಾರ.

ಮೈಎಸ್‌ಕ್ಯೂಎಲ್ ಎಂಟು ಗಂಟೆ ಮಾತಾಡದ ಸಂಪರ್ಕವನ್ನು ಕಡಿದುಹಾಕುತ್ತದೆ. 28,800 ಸೆಕೆಂಡ್ ಎಂಬುದು ಅದರ ಹುಟ್ಟಾ ಮಿತಿ. ರಾತ್ರಿ ಯಾರೂ ಬರದ ತಾಣದಲ್ಲಿ ಬೆಳಗಿನ ಮೊದಲ ಗ್ರಾಹಕನಿಗೆ, ಹಳೆಯ ಆವೃತ್ತಿಗಳಲ್ಲಿ, ‘ಸರ್ವರ್ ಹ್ಯಾಸ್ ಗಾನ್ ಅವೇ’ ಎಂಬ ಸ್ವಾಗತ. ಅವನು ಪುಟವನ್ನು ಮತ್ತೆ ತೆರೆದರೆ ಸರಿಯಾಗಿರುತ್ತದೆ, ಹಾಗಾಗಿ ದೂರು ಬಂದಾಗ ಯಾರಿಗೂ ಏನೂ ಕಾಣುವುದಿಲ್ಲ. ಅಮೆಜಾನಿನ ನ್ಯಾಟ್ ಗೇಟ್‌ವೇ ಇನ್ನೂ ಅವಸರದ್ದು, 350 ಸೆಕೆಂಡ್ ಸುಮ್ಮನಿದ್ದ ಸಂಪರ್ಕವನ್ನು ಮರೆತೇಬಿಡುತ್ತದೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಪೂಲ್-ಪ್ರಿ-ಪಿಂಗ್ ಹಾಕಿದರೆ ಸಂಪರ್ಕವನ್ನು ಕೈಗೆ ಕೊಡುವ ಮುಂಚೆ ಜೀವವಿದೆಯೇ ಎಂದು ಮುಟ್ಟಿ ನೋಡುತ್ತದೆ. ಜ್ಯಾಂಗೊ ಹುಟ್ಟಾ ಪ್ರತಿ ವಿನಂತಿಗೂ ಹೊಸ ಸಂಪರ್ಕ ಮಾಡಿ ಮುಚ್ಚುವುದರಿಂದ ಈ ರೋಗಕ್ಕೆ ಸಿಕ್ಕುವುದಿಲ್ಲ. ವೇಗ ಬೇಕೆಂದು ಸಂಪರ್ಕದ ಆಯಸ್ಸು ಹೆಚ್ಚಿಸಿದವರಿಗೆ ಮಾತ್ರ ಬರುತ್ತದೆ, ಅವರಿಗಾಗಿ 4.1ನೇ ಆವೃತ್ತಿಯಿಂದ ಆರೋಗ್ಯ ತಪಾಸಣೆಯ ಆಯ್ಕೆಯಿದೆ.

ಇನ್ನೊಂದು ವಿಸಂಧಿಯ ಸಂದೇಶದಲ್ಲಿ ವಿನಯವಿದೆ: ‘ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’. ಪೋಸ್ಟ್‌ಗ್ರೆಸ್ ಕ್ಷಮೆ ಕೇಳುವುದು ಅಪರೂಪವಾದ್ದರಿಂದ ಗಣಿತ ಮಾಡಿ ನೋಡಬೇಕು. ಹುಟ್ಟಾ ಮಿತಿ ನೂರು, ಅದರಲ್ಲಿ ಮೂರು ಸೂಪರ್‌ಯೂಸರ್‌ಗೆ ಮೀಸಲು, ಉಳಿದದ್ದು 97. ಗುನಿಕಾರ್ನಿನವರ ಸಲಹೆಯಂತೆ ವರ್ಕರುಗಳ ಸಂಖ್ಯೆ ಕೋರ್‌ಗಳ ಎರಡರಷ್ಟು ಮತ್ತೊಂದು. ನಾಲ್ಕು ಕೋರ್ ಇದ್ದರೆ ಒಂಬತ್ತು. ಎಸ್‌ಕ್ಯೂಎಲ್‌ಆಲ್ಕೆಮಿಯ ಪೂಲ್ ಐದು, ತುಂಬಿ ಚೆಲ್ಲಿದರೆ ಇನ್ನು ಹತ್ತು, ಒಟ್ಟು ಹದಿನೈದು. ಪೂಲ್ ಪ್ರತಿ ಪ್ರೊಸೆಸ್‌ಗೂ ಪ್ರತ್ಯೇಕ ಎಂಬುದನ್ನು ಮರೆಯುವುದು ಮನುಷ್ಯ ಸ್ವಭಾವ. ಒಂಬತ್ತು ಹದಿನೈದಲಿ 135. ವರ್ಕರುಗಳಲ್ಲಿ ಥ್ರೆಡ್‌ಗಳಿದ್ದು ಜನ ಮುಗಿಬಿದ್ದರೆ ಒಂದೇ ಯಂತ್ರ ಇಡೀ ಡೇಟಾಬೇಸನ್ನು ಮೀರಿಸುತ್ತದೆ. ಹಳೆಯದು ಇಳಿಯುವ ಮುಂಚೆ ಹೊಸದನ್ನು ಏರಿಸುವ ಪದ್ಧತಿಯಲ್ಲಿ ಡಿಪ್ಲಾಯ್ ನಡೆಯುವಷ್ಟು ಹೊತ್ತು ಎರಡರ ಹಸಿವೂ ಸೇರುತ್ತದೆ. ಅದಕ್ಕೇ ಈ ರೋಗ ಡಿಪ್ಲಾಯ್ ವೇಳೆ ಕಾಣಿಸಿ ಐದು ನಿಮಿಷಕ್ಕೆ ಮಾಯವಾಗುವುದು, ಕಾರಣ ಹುಡುಕುವವರಿಗೆ ಸಿಗದಿರುವುದು. ಮಿತಿಯನ್ನು ಸಾವಿರಕ್ಕೆ ಏರಿಸುವುದು ಮದ್ದಲ್ಲ, ಪೋಸ್ಟ್‌ಗ್ರೆಸ್ ಪ್ರತಿ ಸಂಪರ್ಕಕ್ಕೂ ಒಂದು ಪ್ರೊಸೆಸ್ ಸಾಕುತ್ತದೆ. ನಡುವೆ ಸಂಪರ್ಕಗಳನ್ನು ಹಂಚಿಕೊಡುವ ಪಿಜಿಬೌನ್ಸರ್ ಕೂರಿಸಿ, ಪೂಲ್ ಚಿಕ್ಕದು ಮಾಡಿ.

ಪೂರ್ವಜರ ಸ್ವತ್ತಿನಿಂದ ಬರುವ ವಿಸಂಧಿಯೂ ಇದೆ. ಗುನಿಕಾರ್ನಿಗೆ ‘ಪ್ರಿಲೋಡ್’ ಎಂದು ಹೇಳಿದರೆ ಅಪ್ಲಿಕೇಶನ್ ತಾಯಿ ಪ್ರೊಸೆಸ್‌ನಲ್ಲೇ ಎದ್ದು ಆಮೇಲೆ ಕವಲೊಡೆಯುತ್ತದೆ. ತಾಯಿ ಆಗಲೇ ಒಂದು ಸಂಪರ್ಕ ತೆರೆದಿದ್ದರೆ ಮಕ್ಕಳೆಲ್ಲ ಅದೊಂದೇ ಸಾಕೆಟ್ಟನ್ನು ಹಂಚಿಕೊಳ್ಳುತ್ತಾರೆ. ಒಬ್ಬ ಕೇಳಿದ ಪ್ರಶ್ನೆಯ ಉತ್ತರ ಇನ್ನೊಬ್ಬನಿಗೆ. ಎಸ್‌ಎಸ್‌ಎಲ್ ಇದ್ದರೆ ‘ಬ್ಯಾಡ್ ರೆಕಾರ್ಡ್ ಮ್ಯಾಕ್’ ಎಂಬ ಸಂದೇಶ ಬಂದು, ಜನ ಸರ್ಟಿಫಿಕೇಟ್ ತಿರುವಿ ಹಾಕುತ್ತಾರೆ. ಕವಲಾದ ಮೇಲೆ ಪ್ರತಿ ಮಗುವೂ ತಾಯಿಯ ಪೂಲನ್ನು ಬಿಟ್ಟು ತನ್ನದು ಕಟ್ಟಿಕೊಳ್ಳಬೇಕು.

ಚಿಕಿತ್ಸಾ ಪಂಥಗಳು

ರೋಗಗಳು ಐದಾದರೂ ಲೋಕದಲ್ಲಿ ಪ್ರಚಾರದಲ್ಲಿರುವ ಪಂಥಗಳು ರೋಗ ನೋಡಿ ಮದ್ದು ಕೊಡುವುದಿಲ್ಲ. ಪುನರಾರಂಭ ಪಂಥದವರು ಎಲ್ಲಕ್ಕೂ ‘ರೀಸ್ಟಾರ್ಟ್ ಮಾಡಿ ನೋಡು’ ಎನ್ನುತ್ತಾರೆ. ವಿಸಂಧಿಯಲ್ಲಿ ಇದು ಫಲಿಸುವುದರಿಂದ ಪಂಥ ಬದುಕಿದೆ. ನಿದ್ರಾ ಪಂಥದವರು ಆರಂಭದ ಸ್ಕ್ರಿಪ್ಟ್‌ನಲ್ಲಿ ‘ಸ್ಲೀಪ್ 10’ ಬರೆಯುತ್ತಾರೆ, ಸಾಲದಿದ್ದರೆ 30. ಮಹಾದ್ವಾರ ಪಂಥದವರು ಸೆಕ್ಯುರಿಟಿ ಗ್ರೂಪ್‌ನಲ್ಲಿ 0.0.0.0/0 ಹಾಕಿ, ಪಿಜಿ-ಎಚ್‌ಬಿಎನಲ್ಲಿ ‘ಟ್ರಸ್ಟ್’ ಬರೆದು, ಆಮೇಲೆ ತೆಗೆಯುತ್ತೇನೆ ಎಂದು ಹೇಳಿ ಊಟಕ್ಕೆ ಹೋಗುತ್ತಾರೆ. ಸಂಪರ್ಕ ಕೂಡಲೇ ಆಗುತ್ತದೆ, ಜಗತ್ತಿಗೆಲ್ಲ. ಇವರನ್ನು ಖಂಡಿಸುವುದರಲ್ಲಿ ಅರ್ಥವಿಲ್ಲ. ಇವರೊಂದಿಗೆ ಒಂದೇ ಟೀಮಿನಲ್ಲಿ ಇರಬಾರದು ಅಷ್ಟೆ.

ಗ್ರಂಥಕಾರನಿಗೆ ಒಪ್ಪಿಗೆಯಾದ ಪದ್ಧತಿಗೆ ಪಂಥವಿಲ್ಲ, ಅನುಯಾಯಿಗಳೂ ವಿರಳ. ಅಪ್ಲಿಕೇಶನ್ ಓಡುವ ಅದೇ ಕಂಟೇನರಿನೊಳಗೆ, ಅದೇ ಬಳಕೆದಾರನಾಗಿ ಹೋಗಿ, ಮೊದಲು ಹೆಸರು ವಿಳಾಸವಾಗುತ್ತದೆಯೇ ನೋಡುವುದು, ಆಮೇಲೆ ನೆಟ್‌ಕ್ಯಾಟ್‌ನಿಂದ ಪೋರ್ಟ್ ಮುಟ್ಟುವುದು, ಆಮೇಲೆ ಅದೇ ಯುಆರ್‌ಎಲ್ ಕೊಟ್ಟು ಪಿಎಸ್‌ಕ್ಯೂಎಲ್‌ನಿಂದ ಒಳಹೋಗುವುದು. ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಪ್ರಕರಣ ತಿಳಿಯುತ್ತದೆ. ಪೈಥಾನನ್ನು ಮುಟ್ಟುವ ಪ್ರಮೇಯ ಎಷ್ಟೋ ಸಲ ಬರುವುದೇ ಇಲ್ಲ.

ಒಂದು ವಿವಾದ

ಯಾವ ಪ್ರಕರಣಕ್ಕೆ ಸೇರಿಸಬೇಕೆಂದು ತಿಳಿಯದ ಒಂದು ರೋಗ ಉಳಿದಿದೆ. ಮೈಎಸ್‌ಕ್ಯೂಎಲ್, ಒಂದು ಹೋಸ್ಟ್‌ನಿಂದ ಪರಿಚಯ ಪೂರ್ತಿಯಾಗದ ಸಂಪರ್ಕಗಳು ಒಂದಾದ ಮೇಲೊಂದು ನೂರರ ಮಿತಿ ಮುಟ್ಟಿದರೆ, ಆ ಹೋಸ್ಟನ್ನೇ ಬಹಿಷ್ಕರಿಸುತ್ತದೆ. ಹೀಗೆ ಬಂದು ಮುಟ್ಟಿ ಓಡುವವರು ಯಾರು? ಬಹಳ ಸಲ ಲೋಡ್ ಬ್ಯಾಲೆನ್ಸರ್. ಡೇಟಾಬೇಸ್ ಬದುಕಿದೆಯೇ ಎಂದು ಕೆಲವು ಸೆಕೆಂಡಿಗೊಮ್ಮೆ 3306ನ್ನು ತಟ್ಟಿ, ಉತ್ತರಕ್ಕೆ ಕಾಯದೆ ಹೋಗುತ್ತದೆ. ನೂರಾದ ಮೇಲೆ ಅದರ ಹಿಂದಿನಿಂದ ಬರುವ ನಿಮ್ಮ ಅಪ್ಲಿಕೇಶನ್ನಿಗೂ ಬಾಗಿಲು ಬಂದ್. ಆಗುತ್ತಿದ್ದ ಸಂಪರ್ಕ ನಿಂತದ್ದರಿಂದ ಇದು ವಿಸಂಧಿ ಎಂದು ಕೆಲವರು. ಬಂದವರನ್ನು ಹೊರಗೇ ನಿಲ್ಲಿಸಿರುವುದರಿಂದ ಪ್ರಕೃತಿಭಾವ ಎಂದು ಇನ್ನು ಕೆಲವರು. ಕರೆಯದೆ ಬಂದ ತಟ್ಟುವಿಕೆಯೇ ಮೂಲವಾದ್ದರಿಂದ ನಾನು ಇದನ್ನು ಆಗಮಕ್ಕೆ ಹಾಕುತ್ತೇನೆ. ಹೋಸ್ಟ್ ಕ್ಯಾಶ್ ಖಾಲಿ ಮಾಡಿದರೆ ಬಹಿಷ್ಕಾರ ತೀರುತ್ತದೆ. ಆ ತಪಾಸಣೆಯನ್ನು ಪೂರ್ತಿ ಲಾಗಿನ್ ಆಗಿ ಒಂದು ‘ಸೆಲೆಕ್ಟ್ 1’ ಕೇಳಿ ಹೋಗುವಂತೆ ಬದಲಿಸದಿದ್ದರೆ ನಾಳೆ ಮತ್ತೆ ನೂರಾಗುತ್ತದೆ.